ಎರಡು ಸಲ ಇಥಾಕೆಗೆ ಹೊರಟ ಕವಿ

ಪ್ಯಾರಿಸ್ ನಗರದಿಂದ ದಕ್ಷಿಣಕ್ಕೆ ಹೊರಟ ರೈಲು ಎತಾಂಪ್ ಪಟ್ಟಣವನ್ನು ಮುಟ್ಟುವ ವೇಳೆಗೆ ಮಹಾನಗರದ ಗದ್ದಲವೆಲ್ಲ ಹಿಂದೆ ಉಳಿದಿರುತ್ತದೆ. ಅಲ್ಲಿಂದ ಜುಯಿನ್ ಎಂಬ ಕಿರುಹೊಳೆಯ ಕಣಿವೆಯನ್ನು ಹಿಡಿದು ಸಾಗಿದರೆ ಬ್ವಾಸಿ-ಲಾ-ರಿವಿಯೇರ್ ಎಂಬ ಹಳ್ಳಿ. ಆ ಹಳ್ಳಿಗೆ ಸೇರಿದ ಒಂದು ಮೂಲೆ ಬಿಯೆರ್‌ವಿಲ್. ಒಂದು ಹಳೆಯ ಬಂಗಲೆ, ಅದರ ಸುತ್ತ ತೋಪು, ತೋಪಿನ ನಡುವೆ ಅವಸರವಿಲ್ಲದೆ ಹರಿಯುವ ನೀರು. ಭೂಪಟದಲ್ಲಿ ಹುಡುಕಿದರೂ ಕಣ್ಣಿಗೆ ಬೀಳದಷ್ಟು ಚಿಕ್ಕ ಸ್ಥಳ. ಆದರೆ ಅಲ್ಲಿಂದ ನೂರಾರು ಮೈಲಿ ದೂರದಲ್ಲಿ, ಪಿರೆನೀಸ್ ಪರ್ವತಶ್ರೇಣಿಯ ಆಚೆಗಿರುವ ಕ್ಯಾಟಲೋನಿಯದಲ್ಲಿ, ಕಾವ್ಯಾಭಿಮಾನಿಗಳ ಎದುರು ಈ ಹೆಸರನ್ನು ಉಚ್ಚರಿಸಿದರೆ ಸಾಕು, ಅವರಿಗೆ ನೆನಪಾಗುವುದು ಊರಲ್ಲ, ಒಂದು ಪುಸ್ತಕ: ‘ಬಿಯೆರ್‌ವಿಲ್‌ನ ಶೋಕಗೀತೆಗಳು’. ಮನೆಮಠಗಳನ್ನು ಕಳೆದುಕೊಂಡು ಬಂದ ಒಬ್ಬ ಕವಿ ಈ ಹೊಳೆಯ ದಡದಲ್ಲಿ ತನ್ನ ನಾಡನ್ನು ಮತ್ತೆ ಕಟ್ಟಿಕೊಳ್ಳಲು ತೊಡಗಿದ. ಅವನ ಹೆಸರು ಕಾರ್ಲೆಸ್ ರೀಬ.

ಬಿಯೆರ್‌ವಿಲ್‌ಗೆ ಅದಕ್ಕೆ ಮೊದಲೇ ಒಂದು ಚರಿತ್ರೆಯುಂಟು. ಆ ಬಂಗಲೆಯ ಒಡೆಯ ಮಾರ್ಕ್ ಸಾನಿಯೇ. ಕ್ರೈಸ್ತ ಶ್ರದ್ಧೆಯನ್ನೂ ಪ್ರಜಾಪ್ರಭುತ್ವವನ್ನೂ ಒಂದುಗೂಡಿಸಬೇಕೆಂದು ಬಾಳೆಲ್ಲ ದುಡಿದ ಮಹನೀಯ. ಮೊದಲನೆಯ ಮಹಾಯುದ್ಧದ ಗಾಯಗಳು ಇನ್ನೂ ಹಸಿಯಾಗಿದ್ದಾಗಲೇ, 1926ರ ಆಗಸ್ಟ್ ತಿಂಗಳಿನಲ್ಲಿ, ಆತ ತನ್ನ ತೋಪಿನಲ್ಲಿ ಒಂದು ಶಾಂತಿ ಸಮ್ಮೇಳನವನ್ನು ನೆರೆಯಿಸಿದ. ಎಂಟು ವರ್ಷಗಳ ಕೆಳಗೆ ಕಂದಕಗಳಲ್ಲಿ ಪರಸ್ಪರ ಗುಂಡುಹಾರಿಸಿದ್ದ ಫ್ರೆಂಚರ ಮತ್ತು ಜರ್ಮನರ ಮಕ್ಕಳು, ತಮ್ಮಂದಿರು ಅಲ್ಲಿ ಒಂದೇ ಬಯಲಿನಲ್ಲಿ ಡೇರೆ ಹಾಕಿದರು. ಫ್ರಾನ್ಸಿನ ಮೊತ್ತಮೊದಲ ಯುವಜನ ವಸತಿಗೃಹವೂ 1929ರಲ್ಲಿ ಇಲ್ಲಿಯೇ ತೆರೆಯಿತು. ಹೀಗೆ ಶಾಂತಿಯ ಬೀಡಾಗಿದ್ದ ಆ ಸ್ಥಳಕ್ಕೆ 1939ರಲ್ಲಿ ಬಂದವರು ಯುದ್ಧದಿಂದ ಹೊರದೂಡಲ್ಪಟ್ಟ ನಿರಾಶ್ರಿತರು. ಮುಂದಿನ ಯುದ್ಧವೂ ಆಗ ಬಾಗಿಲ ಬಳಿಯೇ ನಿಂತಿತ್ತು.

ಭಾಷೆಯನ್ನು ಕಟ್ಟಿದವರು

ಕ್ಯಾಟಲನ್ ಎಂಬುದು ಸ್ಪ್ಯಾನಿಷ್ ಭಾಷೆಯ ಒಂದು ಉಪಭಾಷೆಯೆಂದು ದೂರದವರು ತಿಳಿಯುವುದುಂಟು. ಅದು ಸರಿಯಲ್ಲ. ಲ್ಯಾಟಿನ್ ತಾಯಿಯ ಮಕ್ಕಳಲ್ಲಿ ಸ್ಪ್ಯಾನಿಷ್, ಫ್ರೆಂಚ್, ಇಟಾಲಿಯನ್ ಹೇಗೆ ಅಕ್ಕತಂಗಿಯರೋ ಕ್ಯಾಟಲನ್ ಕೂಡ ಹಾಗೆಯೇ ಒಬ್ಬ ಸೋದರಿ. ಹದಿಮೂರನೆಯ ಶತಮಾನದಲ್ಲಿಯೇ ರಾಮೋನ್ ಲ್ಯುಲ್ ಎಂಬ ಜ್ಞಾನಿ ಆ ಭಾಷೆಯಲ್ಲಿ ತತ್ತ್ವವನ್ನೂ ಕಥೆಯನ್ನೂ ಬರೆದಿದ್ದ. ಅನಂತರದ ಶತಮಾನಗಳಲ್ಲಿ ರಾಜ್ಯಾಧಿಕಾರ ಕೈತಪ್ಪಿತು. ಭಾಷೆ ಅರಮನೆಯನ್ನು ಬಿಟ್ಟು ಅಡುಗೆಮನೆಯನ್ನೂ ಹೊಲವನ್ನೂ ಸೇರಿತು. ಹತ್ತೊಂಬತ್ತನೆಯ ಶತಮಾನದ ಪುನರುಜ್ಜೀವನದ ಗಾಳಿ ಬೀಸಿದಾಗ ಅದರ ಕವಿಗಳು ಮತ್ತೆ ಎದ್ದರು. ಆದರೆ ಬರವಣಿಗೆಗೆ ಒಂದು ಕಟ್ಟುಪಾಡಿರಲಿಲ್ಲ. ಒಬ್ಬೊಬ್ಬರದು ಒಂದೊಂದು ಕಾಗುಣಿತ. ಅದನ್ನು ಸರಿಪಡಿಸಿದವನು ಪೊಂಪೇಯು ಫಾಬ್ರ. ವೃತ್ತಿಯಿಂದ ಇಂಜಿನಿಯರಾದ ಆತ 1913ರಲ್ಲಿ ಕಾಗುಣಿತದ ನಿಯಮಗಳನ್ನು ಗೊತ್ತುಪಡಿಸುವ ಕಾರ್ಯದಲ್ಲಿ ಮುಂದಾಳಾಗಿದ್ದ. 1932ರಲ್ಲಿ ನಿಘಂಟನ್ನು ಹೊರತಂದ. ಫಾಬ್ರ ಭಾಷೆಯ ಅಡಿಪಾಯವನ್ನು ಹಾಕುತ್ತಿದ್ದಾಗ ಅದರ ಮೇಲೆ ಗೋಡೆಯೆತ್ತಿದವರಲ್ಲಿ ರೀಬ ಒಬ್ಬ.

ರೀಬ ಹುಟ್ಟಿದ್ದು 1893ರಲ್ಲಿ, ಬಾರ್ಸಿಲೋನ ನಗರದಲ್ಲಿ. ಹದಿನೆಂಟನೆಯ ವಯಸ್ಸಿನಲ್ಲಿ, ಮೀಸೆ ಮೂಡುವ ಕಾಲಕ್ಕೇ, ಲ್ಯಾಟಿನ್ ಮಹಾಕವಿ ವರ್ಜಿಲನ ಗೋಪಗೀತೆಗಳನ್ನು ಕ್ಯಾಟಲನ್ ಪದ್ಯಕ್ಕೆ ತಂದು ಪ್ರಕಟಿಸಿದ. 1916ರಲ್ಲಿ ಕ್ಲೆಮೆಂತೀನ ಅರ್ದೇರಿಯು ಎಂಬ ಕವಯಿತ್ರಿಯನ್ನು ಮದುವೆಯಾದ. ಗ್ರಂಥಪಾಲಕಿಯರ ಶಾಲೆಯಲ್ಲಿ ಪಾಠ ಹೇಳುತ್ತ, ರಾತ್ರಿಗಳನ್ನು ಹೋಮರನಿಗೆ ಒಪ್ಪಿಸಿ, 1919ರಲ್ಲಿ ‘ಒಡಿಸ್ಸಿ’ ಮಹಾಕಾವ್ಯದ ಅನುವಾದವನ್ನು ಹೊರತಂದ.

ಈ ಸಾಹಸ ಎಂಥದೆಂಬುದನ್ನು ಕನ್ನಡ ಓದುಗರು ಸುಲಭವಾಗಿ ಊಹಿಸಬಹುದು. ಹೋಮರನ ಛಂದಸ್ಸು ನಮ್ಮ ವೃತ್ತಗಳಂತೆ ಗುರು ಲಘುಗಳ ಲೆಕ್ಕದ ಮೇಲೆ ನಿಂತಿದೆ. ಕ್ಯಾಟಲನ್ ಭಾಷೆಯಲ್ಲಿ ಗುರು ಲಘುಗಳ ಆ ಭೇದವಿಲ್ಲ. ಅಲ್ಲಿರುವುದು ಉಚ್ಚಾರಣೆಯ ಒತ್ತು. ಗುರುವಿದ್ದೆಡೆ ಒತ್ತನ್ನಿಟ್ಟು, ಲಘುವಿದ್ದೆಡೆ ಒತ್ತಿಲ್ಲದ ಅಕ್ಷರವನ್ನಿಟ್ಟು, ಆರು ಗಣಗಳ ಆ ದೀರ್ಘಪಂಕ್ತಿಯ ಏರಿಳಿತವನ್ನು ರೀಬ ತನ್ನ ಭಾಷೆಗೆ ಕಲಿಸಿದ. ಗ್ರೀಕರ ಹಡಗು ಬಾರ್ಸಿಲೋನದ ರೇವಿಗೆ ಬಂದು ಲಂಗರು ಹಾಕಿದಂತಾಯಿತು.

1922ರಲ್ಲಿ ಫ್ರಾನ್ಸೆಸ್ಕ್ ಕಂಬೊ ಎಂಬ ಧನಿಕ ರಾಜಕಾರಣಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿ, ಹಳೆಯ ಕ್ಯಾಟಲನ್ ಗದ್ಯಕಾರ ಬೆರ್ನಾಟ್ ಮೆಜ್ಜೆಯ ಹೆಸರನ್ನು ಅದಕ್ಕಿಟ್ಟ. ಗ್ರೀಕ್ ಲ್ಯಾಟಿನ್ ಗ್ರಂಥಗಳನ್ನು ಒಂದು ಪುಟದಲ್ಲಿ ಮೂಲ, ಎದುರುಪುಟದಲ್ಲಿ ಕ್ಯಾಟಲನ್ ಎಂಬ ಕ್ರಮದಲ್ಲಿ ಅಚ್ಚುಹಾಕಿಸುವುದು ಅದರ ಗುರಿ. 1923ರಲ್ಲಿ ಲುಕ್ರೇಷಿಯಸ್ ಕವಿಯಿಂದ ಮೊದಲಾದ ಆ ಮಾಲೆಗೆ ರೀಬ ಕ್ಸೆನೊಫನ್ ಮತ್ತು ಪ್ಲುಟಾರ್ಕರನ್ನು ತಂದುಕೊಟ್ಟ. ಜರ್ಮನಿಯ ಮ್ಯೂನಿಕ್‌ನಲ್ಲಿ ವಿದ್ವಾಂಸ ಕಾರ್ಲ್ ಫೋಸ್ಲರನ ಬಳಿ ಓದಿದ. 1927ರಲ್ಲಿ ಗ್ರೀಸ್ ದೇಶವನ್ನು ಕಣ್ಣಾರೆ ಕಂಡ. ಬಾರ್ಸಿಲೋನದಲ್ಲಿ ಗ್ರೀಕ್ ಭಾಷೆಯ ಅಧ್ಯಾಪಕನಾದ. ಭಾಷಾಂತರವೆಂದರೆ ಅವನಿಗೆ ವಿರಾಮಕಾಲದ ವಿನೋದವಾಗಿರಲಿಲ್ಲ. ತನ್ನ ಭಾಷೆಯಲ್ಲಿ ಇನ್ನೂ ಕಟ್ಟಬೇಕಾದ ಕೋಣೆಗಳೆಷ್ಟಿವೆಯೆಂದು ಅಳೆಯುವ ಅಳತೆಗೋಲಾಗಿತ್ತು.

ಒಂದು ತೋಟದ ಮನೆಯಲ್ಲಿ ಕೊನೆಯ ರಾತ್ರಿ

1936ರಲ್ಲಿ ಸ್ಪೇನಿನ ಅಂತರ್ಯುದ್ಧ ಹೊತ್ತಿಕೊಂಡಿತು. ರೀಬ ಗಣರಾಜ್ಯದ ಪಕ್ಷದಲ್ಲಿ ನಿಂತ. ಲೇಖಕರ ಕ್ಷೇಮಕ್ಕಾಗಿ 1937ರಲ್ಲಿ ಹುಟ್ಟಿದ ಕ್ಯಾಟಲನ್ ಸಾಹಿತ್ಯ ಸಂಸ್ಥೆಯಲ್ಲಿ ಹೊಣೆ ಹೊತ್ತ. 1939ರ ಜನವರಿ 26ರಂದು ಜನರಲ್ ಫ್ರಾಂಕೋನ ಸೇನೆ ಬಾರ್ಸಿಲೋನವನ್ನು ಹೊಕ್ಕಿತು. ಅದಕ್ಕೆ ಕೆಲವೇ ದಿನಗಳ ಮುಂಚೆ ಉತ್ತರದ ದಾರಿಗಳೆಲ್ಲ ಜನರಿಂದ ತುಂಬಿಹೋಗಿದ್ದವು. ಕೈಗಾಡಿ, ಹೇಸರಗತ್ತೆ, ಹೆಗಲ ಮೇಲೆ ಹಾಸಿಗೆ, ಸೊಂಟದಲ್ಲಿ ಕೂಸು. ಮೇಲೆ ವಿಮಾನಗಳ ಗುರ್ರೆಂಬ ಸದ್ದು, ಕೆಳಗೆ ಮಾಘಮಾಸದ ಚಳಿ. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಆ ಕೆಲವು ವಾರಗಳಲ್ಲಿ ಫ್ರಾನ್ಸಿನ ಗಡಿಯನ್ನು ದಾಟಿದರು. ಯುದ್ಧಭೂಮಿಯ ಸೈನಿಕರಿಗೆ ಪುಸ್ತಕ ಹಂಚಲು ಇದ್ದ ಸಂಚಾರಿ ಗ್ರಂಥಾಲಯದ ಬಸ್ಸು, ಈಗ ಪುಸ್ತಕ ಬರೆದವರನ್ನೇ ಗಡಿಯ ಕಡೆಗೆ ಹೊತ್ತೊಯ್ದಿತು.

ಗಡಿಯತ್ತ ಹೋಗುವ ದಾರಿಯಲ್ಲಿ ವಿಲಾದಸೆನ್ಸ್ ಎಂಬ ಹಳ್ಳಿಯಿದೆ. ಅಲ್ಲಿನ ಒಂದು ತೋಟದ ಮನೆಯಲ್ಲಿ ಪ್ರಾಧ್ಯಾಪಕರು, ವೈದ್ಯರು, ಕವಿಗಳು ತಾಯ್ನೆಲದ ಮೇಲಿನ ತಮ್ಮ ಕೊನೆಯ ರಾತ್ರಿಯನ್ನು ಕಳೆದರು. ರೀಬ ಅಲ್ಲಿದ್ದ, ಅದೇ ಸೂರಿನಡಿ ಆಂತೋನಿಯೊ ಮಚಾದೊ ಕೂಡ ಇದ್ದ. ಸ್ಪ್ಯಾನಿಷ್ ಭಾಷೆಯ ಮಹಾಕವಿಗಳಲ್ಲಿ ಅಗ್ರಗಣ್ಯನಾದ ಆತ ಅರುವತ್ತಮೂರರ ವಯಸ್ಸಿಗೇ ಜರ್ಜರಿತನಾಗಿ, ವೃದ್ಧ ತಾಯಿಯ ಕೈಹಿಡಿದು ಹೊರಟಿದ್ದ. ಇಬ್ಬರು ಕವಿಗಳು, ಎರಡು ಭಾಷೆಗಳು. ಒಂದೇ ರಾತ್ರಿ, ಒಂದೇ ಗತಿ. ಕ್ಯಾಟಲನ್ನರ ಮೇಲೆ ಸ್ಪ್ಯಾನಿಷ್ ಭಾಷೆಯನ್ನು ಹೇರಿದವರೇ ಆ ಭಾಷೆಯ ಶ್ರೇಷ್ಠ ಕವಿಯನ್ನು ಮಳೆಯಲ್ಲಿ ಹೊರಗೆ ದೂಡಿದರೆಂಬುದನ್ನು ಮರೆಯಬಾರದು.

ಮಚಾದೊ ತನ್ನ ಗಂಟುಮೂಟೆಯನ್ನು ದಾರಿಯಲ್ಲೇ ಕಳೆದುಕೊಂಡು, ಕೊಲ್ಯೂರ್ ಎಂಬ ಕಡಲತಡಿಯ ಊರನ್ನು ಸೇರಿ, ಫೆಬ್ರವರಿ 22ರಂದು ಒಂದು ಚಿಕ್ಕ ಹೋಟೆಲಿನಲ್ಲಿ ಕಣ್ಮುಚ್ಚಿದ. ಮೂರು ದಿನಗಳ ಬಳಿಕ ತಾಯಿಯೂ ಅವನನ್ನು ಹಿಂಬಾಲಿಸಿದಳು. ಕೊಲ್ಯೂರಿನ ಆ ಸಮಾಧಿಯ ಬಳಿ ಇಂದು ಒಂದು ಅಂಚೆಪೆಟ್ಟಿಗೆಯಿದೆ. ಯಾತ್ರಿಕರು ಸತ್ತ ಕವಿಗೆ ಬರೆದ ಕಾಗದಗಳನ್ನು ಅದರೊಳಗೆ ಹಾಕಿ ಹೋಗುತ್ತಾರೆ.

ಹೊಳೆಯ ದಡದಲ್ಲಿ ಬಿಳಿಯ ಕಂಬಗಳು

ಗಡಿ ದಾಟಿದ ಬಹುಜನರಿಗೆ ಸಿಕ್ಕಿದ್ದು ಸಮುದ್ರತೀರದ ಮರಳಿನ ಮೇಲೆ ಮುಳ್ಳುತಂತಿಯ ಶಿಬಿರ. ಲೇಖಕರಲ್ಲಿ ಕೆಲವರಿಗೆ ಅದು ತಪ್ಪಿತು. ಪ್ಯಾರಿಸಿನ ಸಮೀಪದ ರ್ವಾಸಿ-ಆಂ-ಬ್ರಿ ಎಂಬಲ್ಲಿ ಕಾದಂಬರಿಗಾರ್ತಿ ಮೆರ್ಸೆ ರೊದೊರೇದ ಮೊದಲಾದವರಿಗೆ ಆಶ್ರಯ ದೊರೆಯಿತು. ರೀಬ ದಂಪತಿಗಳಿಗೆ ಆಶ್ರಯವಿತ್ತದ್ದು ಸಾನಿಯೇಯ ಬಿಯೆರ್‌ವಿಲ್.

ನಲವತ್ತೈದರ ಗಂಡಸು. ಮನೆ ಹೋಯಿತು, ಕೆಲಸ ಹೋಯಿತು, ಗ್ರಂಥಭಂಡಾರ ಹೋಯಿತು. ಎಲ್ಲಕ್ಕಿಂತ ಮಿಗಿಲಾಗಿ, ತಾನು ಬರೆದುದನ್ನು ಓದುವ ಜನ ಹೋದರು. ಹೊರಗೆ ಫ್ರಾನ್ಸಿನ ವಸಂತ ಯಾವ ಚಿಂತೆಯೂ ಇಲ್ಲದೆ ಚಿಗುರುತ್ತಿತ್ತು. ಅಂಥ ಹೊತ್ತಿನಲ್ಲಿ ರೀಬ ಕೈಗೆತ್ತಿಕೊಂಡದ್ದು ಆಕ್ರೋಶದ ಹಾಡನ್ನಲ್ಲ. ಗ್ರೀಕರೂ ರೋಮನರೂ ಶೋಕವನ್ನು ಹೇಳಲು ಬಳಸುತ್ತಿದ್ದ ಪುರಾತನ ದ್ವಿಪದಿಯನ್ನು. ಮೊದಲ ಸಾಲು ಹೋಮರನ ಆರು ಗಣಗಳ ಸಾಲು. ಎರಡನೆಯದು ಅದಕ್ಕಿಂತ ಸ್ವಲ್ಪ ಗಿಡ್ಡ. ಅಲೆಯೊಂದು ಎದ್ದು, ದಡಕ್ಕೆ ಬಂದು ಹಿಂದೆ ಸರಿದಂತೆ. ಹೋಮರನ ಅನುವಾದದಲ್ಲಿ ಇಪ್ಪತ್ತು ವರ್ಷಗಳ ಹಿಂದೆ ಕಲಿತ ವಿದ್ಯೆ ಈಗ ಸ್ವಂತ ದುಃಖವನ್ನು ಹೊರಲು ನೆರವಾಯಿತು.

ಎರಡನೆಯ ಶೋಕಗೀತೆ ಬಲು ಪ್ರಸಿದ್ಧವಾದುದು. ಅದರ ವಸ್ತು ಸೂನಿಯನ್. ಅಥೆನ್ಸಿನಿಂದ ದಕ್ಷಿಣಕ್ಕೆ, ಭೂಮಿ ಸಮುದ್ರದೊಳಗೆ ಚಾಚಿ ಮುಗಿಯುವ ಬಂಡೆಯ ತುದಿಯಲ್ಲಿ, ಸಮುದ್ರದೇವತೆ ಪೊಸೈಡನ್‌ನ ದೇಗುಲ ಹಾಳುಬಿದ್ದು ನಿಂತಿದೆ. ಮಾಡಿಲ್ಲ, ಗೋಡೆಯಿಲ್ಲ, ಉಳಿದಿರುವುದು ಬಿಳಿಯ ಅಮೃತಶಿಲೆಯ ಕೆಲವು ಕಂಬಗಳು ಮಾತ್ರ. ದೂರದ ಕಡಲಿನಿಂದ ಮನೆಗೆ ಮರಳುವ ನಾವಿಕರಿಗೆ ಆ ಕಂಬಗಳು ಗುರುತಾಗಿದ್ದವು. ರೀಬ ಯಾತ್ರಿಕನಾಗಿ ಕಂಡ ಆ ದೃಶ್ಯ, ಜುಯಿನ್ ಹೊಳೆಯ ದಡದಲ್ಲಿ ನಿರಾಶ್ರಿತನಾಗಿ ಕುಳಿತಾಗ ಅವನ ಮನಸ್ಸಿನಲ್ಲಿ ಮತ್ತೆ ಎದ್ದುನಿಂತಿತು. ಮಾಡು ಕುಸಿದ ಮೇಲೂ ದಾರಿ ತೋರಬಲ್ಲ ಕಂಬಗಳು! ದೇಶ ಹೋದ ಮೇಲೆ ಭಾಷೆ ಹಾಗೆ ನಿಲ್ಲಬಲ್ಲದಲ್ಲವೆ?

ಶೋಕಗೀತೆಗಳು ಒಟ್ಟು ಹನ್ನೆರಡು. ಅವೆಲ್ಲವೂ ಬಿಯೆರ್‌ವಿಲ್‌ನಲ್ಲಿಯೇ ಹುಟ್ಟಲಿಲ್ಲ. ಅಲ್ಲಿಂದ ಪ್ಯಾರಿಸಿನ ಉತ್ತರಕ್ಕಿರುವ ಲೀಲ್-ಆದಾಂ. 1940ರಲ್ಲಿ ಜರ್ಮನ್ ಸೇನೆ ನುಗ್ಗಿದಾಗ ಮತ್ತೆ ಓಟ, ಈ ಸಲ ಫ್ರೆಂಚರೊಡನೆ, ಬೋರ್ದೋ ನಗರಕ್ಕೆ. ಕೊನೆಗೆ ದಕ್ಷಿಣದ ಮಾಂಪೆಲಿಯೆ. ಪುಸ್ತಕದ ಹೆಸರು ಮಾತ್ರ ಮೊದಲು ಆಶ್ರಯವಿತ್ತ ನೆಲದ ಋಣವನ್ನು ಮರೆಯಲಿಲ್ಲ.

ಮಾಂಪೆಲಿಯೆ ಕ್ಯಾಟಲನ್ನರಿಗೆ ತೀರ ಪರಸ್ಥಳವಲ್ಲ. ಅವರ ಚರಿತ್ರೆಯ ಮಹಾರಾಜನಾದ ಒಂದನೆಯ ಜೇಮ್ಸ್ 1208ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ಇದೀಗ ಇದೇ ಬೀದಿಗಳಲ್ಲಿ, ರಾಜ್ಯವಿಲ್ಲದ ಭಾಷೆಯ ವೈಯಾಕರಣಿ ಫಾಬ್ರ ಮತ್ತು ಕವಿ ರೀಬ ನಡೆದಾಡಿದರು. ಸುತ್ತ ಯುದ್ಧಕಾಲದ ರೇಷನ್ನು, ಹಸಿವು. ಊರಿನಲ್ಲಿ ಆ ಭಾಷೆಯಲ್ಲಿ ಒಂದು ಅಂಗಡಿಯ ಫಲಕವನ್ನೂ ಹಾಕುವಂತಿಲ್ಲದ ಕಾಲದಲ್ಲಿ, ಅದರ ವ್ಯಾಕರಣವೂ ಕಾವ್ಯವೂ ಪರದೇಶದ ಬಾಡಿಗೆ ಕೋಣೆಗಳಲ್ಲಿ ಉಸಿರಾಡಿಕೊಂಡಿದ್ದವು.

ಗುರುತು ಸಿಗದ ತಾಯ್ನಾಡು

1942ರ ನವೆಂಬರಿನಲ್ಲಿ ಜರ್ಮನರು ದಕ್ಷಿಣ ಫ್ರಾನ್ಸನ್ನೂ ಆಕ್ರಮಿಸಿದರು. ಗೆಳೆಯರಲ್ಲಿ ಹಲವರು ಅದಾಗಲೇ ಮೆಕ್ಸಿಕೊ, ಚಿಲಿ ದೇಶಗಳಿಗೆ ಹಡಗೇರಿದ್ದರು. ರೀಬ ಬೇರೆ ದಾರಿಯನ್ನು ಹಿಡಿದ. 1943ರ ಏಪ್ರಿಲ್ ತಿಂಗಳಿನಲ್ಲಿ ಹೆಂಡತಿಯೊಡನೆ ಬಾರ್ಸಿಲೋನಕ್ಕೆ ಮರಳಿದ.

‘ಒಡಿಸ್ಸಿ’ಯ ಹದಿಮೂರನೆಯ ಸರ್ಗದಲ್ಲಿ ಒಂದು ಪ್ರಸಂಗ ಬರುತ್ತದೆ. ಇಪ್ಪತ್ತು ವರ್ಷಗಳ ಅಗಲಿಕೆಯ ತರುವಾಯ ಒಡಿಸ್ಸಿಯಸ್ ತನ್ನ ದ್ವೀಪವಾದ ಇಥಾಕೆಯ ದಡದಲ್ಲಿ ನಿದ್ದೆಯಿಂದ ಏಳುತ್ತಾನೆ. ದೇವತೆ ಸುತ್ತಲೂ ಮಂಜು ಕವಿಸಿದ್ದಾಳೆ. ದಾರಿಗಳು, ಬಂಡೆಗಳು, ಮರಗಳು ಯಾವುವೂ ಅವನಿಗೆ ಗುರುತಾಗುವುದಿಲ್ಲ. ತಾನು ಮತ್ತಾವುದೋ ಪರನಾಡಿಗೆ ಬಂದೆನೆಂದು ಅವನು ತೊಡೆ ಬಡಿದುಕೊಂಡು ಗೋಳಿಡುತ್ತಾನೆ. ಈ ಸಾಲುಗಳನ್ನು ತಾರುಣ್ಯದಲ್ಲಿ ಅನುವಾದಿಸಿದ್ದ ರೀಬ, ಐವತ್ತರ ಹೊಸ್ತಿಲಲ್ಲಿ ಅವುಗಳನ್ನು ಸ್ವತಃ ಬಾಳಬೇಕಾಯಿತು.

ಬೀದಿಗಳು ಅವೇ, ಬೀದಿಗಳ ಹೆಸರುಗಳು ಬೇರೆ. ಶಾಲೆಯಲ್ಲಿ ಕ್ಯಾಟಲನ್ ಇಲ್ಲ, ಕಚೇರಿಯಲ್ಲಿ ಇಲ್ಲ, ಪತ್ರಿಕೆಯಲ್ಲಿ ಇಲ್ಲ. ಗ್ರೀಕ್ ಕಲಿಸುತ್ತಿದ್ದ ವಿಶ್ವವಿದ್ಯಾಲಯದ ಬಾಗಿಲು ಅವನಿಗೆ ಮತ್ತೆ ತೆರೆಯಲಿಲ್ಲ. ಬೆರ್ನಾಟ್ ಮೆಜ್ಜೆ ಮಾಲೆಯ ಕೆಲಸವೊಂದೇ ಅನ್ನದ ದಾರಿಯಾಯಿತು. ಪಾಂಡವರಿಗೆ ವನವಾಸ ಮುಗಿದ ಮೇಲೆ ಅಜ್ಞಾತವಾಸ ಕಾದಿತ್ತು. ರೀಬನಿಗೂ ಹಾಗೆಯೇ ಆಯಿತು. ಒಂದು ವರ್ಷದ್ದಲ್ಲ, ಉಳಿದ ಆಯುಸ್ಸಿನ ಅಜ್ಞಾತವಾಸ.

‘ಬಿಯೆರ್‌ವಿಲ್‌ನ ಶೋಕಗೀತೆಗಳು’ ಮೊದಲು ಅಚ್ಚಾದ ರೀತಿಯೇ ಅದಕ್ಕೆ ಸಾಕ್ಷಿ. ಆ ಪುಸ್ತಕ 1943ರಲ್ಲಿ ಬಾರ್ಸಿಲೋನದಲ್ಲಿ ಗುಟ್ಟಾಗಿ ಮುದ್ರಣವಾಯಿತು. ಮುಖಪುಟದಲ್ಲಿ ಮಾತ್ರ ‘ಬ್ಯೂನಸ್ ಐರಿಸ್, 1942’ ಎಂದಿತ್ತು. ಸರ್ಕಾರದ ಕಣ್ಣಿಗೆ ಮಣ್ಣೆರಚಲು, ಪರದೇಶದಲ್ಲಿ ಅಚ್ಚಾದಂತೆ ತೋರಿಸಿದ ಉಪಾಯ ಅದು. ಕವಿಯೇನೋ ಮನೆಗೆ ಬಂದ. ಅವನ ಕಾವ್ಯ ಮಾತ್ರ ಸ್ವಂತ ಊರಿನಲ್ಲಿ ಪರದೇಶಿಯ ವೇಷ ತೊಡಬೇಕಾಯಿತು. ಎರಡನೆಯ ಮುದ್ರಣ 1949ರಲ್ಲಿ, ನಿಜವಾಗಿಯೂ ಪರದೇಶದಲ್ಲಿ, ಚಿಲಿಯ ಸ್ಯಾಂಟಿಯಾಗೊ ನಗರದಲ್ಲಿ ಹೊರಬಂತು.

ಎರಡನೆಯ ಯಾತ್ರೆ

ಈ ಅಜ್ಞಾತವಾಸದಲ್ಲಿ ರೀಬ ಮಾಡಿದ ದೊಡ್ಡ ಕೆಲಸವಾವುದೆಂದರೆ, ಹಿಂದೆ ಮಾಡಿ ಮುಗಿಸಿದ್ದ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಿದ್ದು. 1919ರ ‘ಒಡಿಸ್ಸಿ’ಯನ್ನು ಜನ ಮೆಚ್ಚಿದ್ದರು. ಅದರ ತಪ್ಪುಗಳನ್ನು ತಿದ್ದಿ ಮರುಮುದ್ರಣ ಮಾಡಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವನಿಗೆ ಅಷ್ಟು ಸಾಲದಾಯಿತು. ನಡುವಣ ವರ್ಷಗಳಲ್ಲಿ ಅವನ ಭಾಷೆ ಫಾಬ್ರನ ನಿಘಂಟಿನಿಂದ ಹದಗೊಂಡಿತ್ತು. ಅವನೂ ಬೇರೊಬ್ಬನಾಗಿದ್ದ. ಸಮುದ್ರ, ಬಿರುಗಾಳಿ, ಪರರ ಮನೆಯ ಅನ್ನ, ಮನೆಯ ಹೊಗೆಯನ್ನಾದರೂ ಕಾಣುವ ಹಂಬಲ ಇವೆಲ್ಲ ಮೊದಲ ಸಲ ಅವನಿಗೆ ಪುಸ್ತಕದ ಮಾತುಗಳು. ಎರಡನೆಯ ಸಲ ಅನುಭವದ ಮಾತುಗಳು. ಹನ್ನೆರಡು ಸಾವಿರಕ್ಕೂ ಹೆಚ್ಚು ಸಾಲುಗಳ ಆ ಸಾಗರವನ್ನು ಅವನು ಮತ್ತೊಮ್ಮೆ ಈಜಿದ. ಹೊಸ ಅನುವಾದ 1948ರಲ್ಲಿ ಪ್ರಕಟವಾಯಿತು.

ಆದರೆ ಪ್ರಕಟವಾದದ್ದು ಹೇಗೆ? ಆಗಿನ ಸರ್ಕಾರ ಕ್ಯಾಟಲನ್ ಮುದ್ರಣದ ಕಟ್ಟನ್ನು ತುಸು ಸಡಿಲಿಸಿತ್ತಾದರೂ ಅನುವಾದಗಳ ಮೇಲೆ ಅದರ ಕೆಂಗಣ್ಣು ಹಾಗೆಯೇ ಇತ್ತು. ಮನೆಮಾತಿನಲ್ಲಿ ನಾಲ್ಕು ಹಾಡು ಕಟ್ಟಿಕೊಂಡರೆ ಅದೊಂದು ಹಳ್ಳಿಯ ಸೊಗಸೆಂದು ಬಿಟ್ಟುಬಿಡಬಹುದು; ಜಗತ್ತಿನ ಮಹಾಗ್ರಂಥಗಳು ಆ ಭಾಷೆಯಲ್ಲಿ ಮಾತಾಡತೊಡಗಿದರೆ ಅದನ್ನು ಹಳ್ಳಿಯ ಭಾಷೆಯೆಂದು ಕರೆಯುವುದು ಹೇಗೆ? ಆದುದರಿಂದ ‘ಒಡಿಸ್ಸಿ’ ಹೊರಬಂದದ್ದು ಸಂಗ್ರಾಹಕರಿಗಾಗಿ ಅಚ್ಚುಮಾಡಿದ ದುಬಾರಿ ಪ್ರತಿಗಳ ರೂಪದಲ್ಲಿ. ಚಿತ್ರಕಾರ ರಿಕಾರ್ತನ ಮರದಚ್ಚಿನ ಚಿತ್ರಗಳು, ಶ್ರೇಷ್ಠ ಕಾಗದ, ಬೆರಳೆಣಿಕೆಯ ಕೊಳ್ಳುವವರು. ಶ್ರೀಮಂತರ ಕಪಾಟಿನೊಳಗೆ ಕುಳಿತ ಪುಸ್ತಕದಿಂದ ರಾಜ್ಯಕ್ಕೆ ಅಪಾಯವಿಲ್ಲವೆಂಬ ಲೆಕ್ಕಾಚಾರ. ಸಾಮಾನ್ಯ ಓದುಗರ ಕೈಗೆಟಕುವ ಮುದ್ರಣಕ್ಕೆ 1953ರ ವರೆಗೆ ಕಾಯಬೇಕಾಯಿತು.

ಒಡಿಸ್ಸಿಯಸ್ ಕೂಡ ಸ್ವಂತ ಅರಮನೆಯನ್ನು ಭಿಕ್ಷುಕನ ವೇಷದಲ್ಲಿ ಹೊಕ್ಕವನೇ. ಮುದಿದಾದಿ ಕಾಲು ತೊಳೆಯುವಾಗ ಹಳೆಯ ಗಾಯದ ಕಲೆಯಿಂದ ಅವನನ್ನು ಗುರುತಿಸುತ್ತಾಳೆ. ರೀಬನ ಇಥಾಕೆಯಲ್ಲಿ ಕಾದು ಕುಳಿತಿದ್ದ ಪೆನೆಲೋಪೆ ಅವನ ಪತ್ನಿಯಲ್ಲ. ಕ್ಲೆಮೆಂತೀನ ಅವನೊಡನೆಯೇ ಗಡಿ ದಾಟಿ, ಅವನೊಡನೆಯೇ ಮರಳಿದಾಕೆ. ಕಾದಿದ್ದವಳು ಅವನ ಭಾಷೆ. ಹಗಲು ನೇಯ್ದುದನ್ನು ಇರುಳು ಬಿಚ್ಚುತ್ತ, ಹೊರಗಿನವರ ಗದ್ದಲದ ನಡುವೆ ಮಾನವನ್ನು ಕಾಪಾಡಿಕೊಂಡಿದ್ದ ಭಾಷೆ.

ಅದೇ 1948ರ ಕ್ರಿಸ್ಮಸ್ ದಿನ, ಪಿರೆನೀಸ್ ತಪ್ಪಲಿನ ಫ್ರಾನ್ಸಿನ ಪ್ರಾದ್ ಎಂಬ ಊರಿನಲ್ಲಿ ಫಾಬ್ರ ತೀರಿಕೊಂಡ. ತಾನು ಕಟ್ಟಿದ ಭಾಷೆಯ ನಾಡನ್ನು ಅವನು ಮತ್ತೆ ಕಾಣಲಿಲ್ಲ. ಮರಳದೆ ಉಳಿದ ಗುರು, ಮರಳಿಯೂ ಹೊರಗಿನವನಾಗಿ ಉಳಿದ ಶಿಷ್ಯ: ಇವರಲ್ಲಿ ಯಾರ ದಾರಿ ಸರಿಯಾದುದು? ದೇಶಾಂತರದಲ್ಲಿದ್ದ ಕೆಲವರಿಗೆ ರೀಬನ ನಡೆ ಎಲ್ಲ ಕಾಲದಲ್ಲಿಯೂ ಒಪ್ಪಿಗೆಯಾಗಲಿಲ್ಲ. 1952ರಲ್ಲಿ ಸೆಗೋವಿಯದಲ್ಲಿ ನಡೆದ ಕವಿಸಮ್ಮೇಳನಕ್ಕೆ ಅವನು ಹೋಗಿ, ಸ್ಪ್ಯಾನಿಷ್ ಕವಿಗಳೆದುರು ಕ್ಯಾಟಲನ್ ಕಾವ್ಯದ ಪರವಾಗಿ ಮಾತಾಡಿದ. ಅದು ಶರಣಾಗತಿಯೆಂದರು ಕೆಲವರು. ಬಾಗಿಲು ತಟ್ಟಿದ್ದೆಂದರು ಕೆಲವರು. ರೀಬನಾದರೋ ತನ್ನ ಮನೆಗೆ ಬಂದ ತರುಣ ಕವಿಗಳಿಗೆ ಮಾರ್ಗದರ್ಶಕನಾಗಿ, ಸಾಫೊಕ್ಲಿಸನ ದುರಂತನಾಟಕಗಳನ್ನು ಅನುವಾದಿಸುತ್ತ, ತನ್ನ ಪಾಲಿನ ನೇಯ್ಗೆಯನ್ನು ಮುಂದುವರಿಸಿದ. 1959ರ ಜುಲೈ 12ರಂದು ಬಾರ್ಸಿಲೋನದಲ್ಲಿ ನಿಧನ ಹೊಂದಿದ.

ಕೊನೆಯ ವರ್ಷಗಳಲ್ಲಿ ಅವನ ಮೇಜಿನ ಮೇಲಿದ್ದವನು ಅಲೆಕ್ಸಾಂಡ್ರಿಯದ ಆಧುನಿಕ ಗ್ರೀಕ್ ಕವಿ ಕವಾಫಿ. ಆ ಅನುವಾದ 1962ರಲ್ಲಿ, ಅನುವಾದಕ ಇಲ್ಲದ ಮೇಲೆ ಬೆಳಕು ಕಂಡಿತು. ಕವಾಫಿಯ ಪ್ರಸಿದ್ಧ ಕವಿತೆಗಳಲ್ಲೊಂದರ ಹೆಸರು ‘ಇಥಾಕೆ’. ಊರು ಸೇರುವುದಕ್ಕಿಂತ ದಾರಿಯೇ ದೊಡ್ಡದೆಂದು ಹೇಳುವ ಕವಿತೆ ಅದು. 1975ರಲ್ಲಿ ಲ್ಯುಯಿಸ್ ಲ್ಯಾಕ್ ಎಂಬ ಗಾಯಕ ರೀಬನ ಅನುವಾದವನ್ನು ಆಧರಿಸಿ ಅದಕ್ಕೆ ರಾಗ ಹಾಕಿದ. ಅದೇ ವರ್ಷದ ನವೆಂಬರಿನಲ್ಲಿ ಫ್ರಾಂಕೊ ಸತ್ತ. 1979ರಲ್ಲಿ ಕ್ಯಾಟಲನ್ ಭಾಷೆ ತನ್ನ ನಾಡಿನಲ್ಲಿ ಮತ್ತೆ ಅಧಿಕೃತ ಸ್ಥಾನ ಪಡೆಯಿತು. ಗ್ರೀಕ್ ಅರಿಯದ ಜನರೂ ರೀಬನ ಮಾತುಗಳನ್ನು ಹಾಡಿಕೊಂಡರು.

ಬಿಯೆರ್‌ವಿಲ್‌ನ ಬದಿಯಲ್ಲಿ ಜುಯಿನ್ ಹೊಳೆ ಇಂದಿಗೂ ಹಾಗೆಯೇ ಸದ್ದಿಲ್ಲದೆ ಹರಿಯುತ್ತದೆ. ಸಾನಿಯೇ 1950ರಲ್ಲಿ ಗತಿಸಿದ. ಅವನ ಸಮಾಧಿ ಅಲ್ಲಿಯೇ ಇದೆ. ದಡದ ಮೇಲೆ ನಿಂತ ಪ್ರವಾಸಿಗೆ ಕಾಣುವುದು ಮರ, ನೀರು, ನೆರಳು ಇಷ್ಟೇ. ಸೂನಿಯನ್ನಿನ ಬಿಳಿಯ ಕಂಬಗಳು ಅಲ್ಲಿ ಎಲ್ಲಿಂದ ಬರಬೇಕು? ಆದರೆ ಕ್ಯಾಟಲನ್ ಬಲ್ಲವರಿಗೆ ಅವು ಆ ನೀರಿನ ಮೇಲೆಯೇ ಕಾಣುತ್ತವೆ. ಎಲ್ಲವನ್ನೂ ಕಳೆದುಕೊಂಡವನೊಬ್ಬ ಅವುಗಳನ್ನು ಅಲ್ಲಿ ನಿಲ್ಲಿಸಿ ಹೋಗಿದ್ದಾನೆ.